ಕಾರು ಶೆಡ್ಡಿನ ಬ್ಯಾಂಡಿಗೆ ಕವರ್ ಹಾಡು ಕಟ್ಟುವುದು ಹೇಗೆ

ಬೇರೆಯವರ ಹಾಡನ್ನು ನುಡಿಸುವುದು, ಅಂದರೆ ಕವರ್ ಮಾಡುವುದು, ಬರೀ ನಕಲು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಇಂಗ್ಲೆಂಡಿನ ಬೀಟಲ್ಸ್ ತಂಡ 1963ರಲ್ಲಿ ಹೊರತಂದ ಮೊದಲ ಎಲ್‌ಪಿ ರೆಕಾರ್ಡಿನ 14 ಹಾಡುಗಳಲ್ಲಿ ಆರು ಬೇರೆಯವರು ಬರೆದವು. ಅದಕ್ಕೂ ಮೊದಲು ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ಗಂಟೆಗಟ್ಟಲೆ ಅವರು ನುಡಿಸುತ್ತಿದ್ದುದೂ ಹೆಚ್ಚಾಗಿ ಇತರರ ಹಾಡುಗಳನ್ನೇ. ನಮ್ಮಲ್ಲಿ ಗಣೇಶೋತ್ಸವ, ರಾಜ್ಯೋತ್ಸವಗಳ ರಸಮಂಜರಿಯಲ್ಲಿ ಕೀಬೋರ್ಡ್, ತಬಲಾ, ರಿದಮ್ ಪ್ಯಾಡ್ ಇಟ್ಟುಕೊಂಡು ಮಧ್ಯರಾತ್ರಿಯವರೆಗೆ ಜನರನ್ನು ಹಿಡಿದು ಕೂರಿಸುತ್ತಿದ್ದ ವಾದ್ಯಗೋಷ್ಠಿಯ ಕಲಾವಿದರು ಮಾಡಿದ್ದೂ ಇದೇ ಕೆಲಸ. ಒಂದು ಹಾಡನ್ನು ಬಿಚ್ಚಿ, ಒಳಗೆ ಏನೇನಿದೆ ಎಂದು ಕಿವಿಯಿಂದಲೇ ಹುಡುಕಿ, ಮತ್ತೆ ನಾಲ್ಕು ಜನ ಸೇರಿ ಜೋಡಿಸುವುದಕ್ಕಿಂತ ಒಳ್ಳೆಯ ಸಂಗೀತಪಾಠವನ್ನು ನಾನು ಕಂಡಿಲ್ಲ.

ನಾನು ಬೇಸ್ ಗಿಟಾರ್ ನುಡಿಸುತ್ತಿದ್ದುದು ಬೆಂಗಳೂರಿನ ಜಯನಗರದ ಒಂದು ಮನೆಯ ಕಾರು ಶೆಡ್ಡಿನಲ್ಲಿ, ಕ್ಯಾಸೆಟ್ ಕಾಲದ ಕೊನೆಯ ವರ್ಷಗಳಲ್ಲಿ. ಭಾನುವಾರ ಬೆಳಗ್ಗೆ ಗೆಳೆಯನ ತಂದೆ ಮಾರುತಿ ಓಮ್ನಿಯನ್ನು ರಸ್ತೆಗೆ ತೆಗೆದು ನಿಲ್ಲಿಸಿದರೆ ಶೆಡ್ಡು ನಮ್ಮದು. ಅಲ್ಲಿ ಕಲಿತದ್ದನ್ನೂ, ಆಮೇಲೆ ಕಿರಿಯರ ತಂಡಗಳ ಜೊತೆ ಕುಳಿತು ಗಮನಿಸಿದ್ದನ್ನೂ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ಹವ್ಯಾಸಿ ಬ್ಯಾಂಡಿನಲ್ಲಿ ಬೆರಳು ಓಡದಿದ್ದರೂ ಹಾಡು ಎದ್ದು ನಿಲ್ಲುತ್ತದೆ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದಿದ್ದರೆ ನಿಲ್ಲುವುದಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಆ ಕೇಳಿಸಿಕೊಳ್ಳುವಿಕೆಗೆ ದಾರಿ ಮಾಡಲೆಂದೇ ಇವೆ.

ಮೊದಲ ಹೆಜ್ಜೆ: ಜಾಗವನ್ನು ಹದಗೊಳಿಸಿ, ನೆರೆಯವರನ್ನು ಮಾತನಾಡಿಸಿ

ಕಾರು ಶೆಡ್ಡಿನ ಗೋಡೆ ಬರಿಯ ಸಿಮೆಂಟು, ಮುಂದೆ ತಗಡಿನ ಷಟರ್. ಸ್ನೇರ್ ಡ್ರಮ್ಮಿನ ಒಂದು ಪೆಟ್ಟು ನಾಲ್ಕು ಕಡೆಯಿಂದಲೂ ತಿರುಗಿ ಬಂದು ಹಾಡುವವರ ಮಾತನ್ನು ನುಂಗಿಹಾಕುತ್ತದೆ. ಡ್ರಮ್ಮಿನ ಕೆಳಗೆ ದಪ್ಪನೆಯ ಜಮಖಾನ ಹಾಸಿ. ಎದುರುಬದುರು ಗೋಡೆಗಳಲ್ಲಿ ಒಂದಕ್ಕಾದರೂ ಹಳೆಯ ಕೌದಿ, ರಜಾಯಿಗಳನ್ನು ನೇತುಹಾಕಿ. ಗೋಡೆಗೆ ಅಂಟಿಸದೆ ಒಂದು ಗೇಣು ಮುಂದೆ ತೂಗಿಬಿಟ್ಟರೆ ಇನ್ನೂ ಒಳ್ಳೆಯದು. ಅನೇಕರು ಮೊಟ್ಟೆಯ ಟ್ರೇಗಳನ್ನು ಅಂಟಿಸುತ್ತಾರೆ. ಅದರಿಂದ ಸದ್ದು ಹೊರಗೆ ಹೋಗುವುದು ನಿಲ್ಲುವುದಿಲ್ಲ, ಬೆಂಕಿಯ ಭಯ ಮಾತ್ರ ಹೆಚ್ಚುತ್ತದೆ. ಕೌದಿಯೂ ಒಳಗಿನ ಮಾರ್ದನಿಯನ್ನಷ್ಟೇ ತಗ್ಗಿಸುತ್ತದೆ. ಬೇಸ್ ಮತ್ತು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಸದ್ದು ಗೋಡೆ ದಾಟಿಯೇ ದಾಟುತ್ತದೆ. ಅದಕ್ಕೆ ಮದ್ದು ಎರಡೇ: ವಾಲ್ಯೂಮ್ ಇಳಿಸುವುದು, ಸಮಯ ನೋಡಿ ನುಡಿಸುವುದು. ಡ್ರಮ್ ಕಿಟ್ ಬದಲು ಕಹೋನ್ ಎಂಬ ಪೆಟ್ಟಿಗೆ ವಾದ್ಯವನ್ನೋ, ಹೆಡ್‌ಫೋನ್ ಹಾಕಿಕೊಂಡು ನುಡಿಸುವ ಎಲೆಕ್ಟ್ರಾನಿಕ್ ಪ್ಯಾಡನ್ನೋ ಬಳಸುವುದು ಅಪಾರ್ಟ್‌ಮೆಂಟಿನವರಿಗೆ ಅನಿವಾರ್ಯ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ಯಾವ ಡ್ರಮ್ ಕಿಟ್ ಕೂಡ ಈ ಮಿತಿಯೊಳಗೆ ಸುಲಭಕ್ಕೆ ಕೂರುವುದಿಲ್ಲ. ಆದ್ದರಿಂದ ನೆರೆಯವರ ಒಪ್ಪಿಗೆಯೇ ನಿಮ್ಮ ಬಂಡವಾಳ. ನಮ್ಮ ಶೆಡ್ಡಿನ ಪಕ್ಕದ ಮನೆಯಲ್ಲಿದ್ದ ಅಜ್ಜಿಯನ್ನು ಮೊದಲೇ ಹೋಗಿ ಕೇಳಿದ್ದೆವು. “ಊಟವಾದ ಮೇಲೆ ಮೂರು ಗಂಟೆಯವರೆಗೆ ಮಲಗುತ್ತೇನೆ ಕಣಪ್ಪ. ಅದೊಂದು ಬಿಟ್ಟು ಎಷ್ಟು ಬೇಕಾದರೂ ಬಾರಿಸಿಕೊಳ್ಳಿ” ಎಂದರು. ಅಷ್ಟು ಹೊತ್ತು ನಾವು ಸಾಹಿತ್ಯ ಬರೆದುಕೊಳ್ಳುತ್ತಿದ್ದೆವು. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಗಳ ದಿನಗಳಲ್ಲಿ ಬೀದಿಯಲ್ಲಿ ಓದುವ ಮಕ್ಕಳಿದ್ದರೆ ಶೆಡ್ಡಿಗೆ ಬೀಗ ಹಾಕಿಬಿಡಿ. ಆ ಒಂದು ತಿಂಗಳ ಸೌಜನ್ಯ ವರ್ಷವಿಡೀ ನಿಮ್ಮನ್ನು ಕಾಯುತ್ತದೆ.

ಕಿವಿಯ ಬಗ್ಗೆ ಒಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎಂಬುದು ಔದ್ಯೋಗಿಕ ಆರೋಗ್ಯ ತಜ್ಞರ ಲೆಕ್ಕ. ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ನಲ್ಲಿ ಉಳಿಯುವುದು ಹದಿನೈದೇ ನಿಮಿಷ. ಚಿಕ್ಕ ಕೋಣೆಯ ಡ್ರಮ್ ಆ ಮಟ್ಟವನ್ನು ಸಲೀಸಾಗಿ ಮುಟ್ಟುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಿ. ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ.

ಎರಡನೆಯ ಹೆಜ್ಜೆ: ಹಾಡಿನ ಆಯ್ಕೆ

ಇಲ್ಲಿಯೇ ಹೆಚ್ಚಿನ ತಂಡಗಳು ಒಡೆಯುತ್ತವೆ. ಗಿಟಾರಿನವನಿಗೆ ಉದ್ದದ ಸೋಲೊ ಇರುವ ಹಾಡು ಬೇಕು, ಕೀಬೋರ್ಡಿನವಳಿಗೆ ಇಳಯರಾಜ, ಹಾಡುವವನಿಗೆ ಕಳೆದ ತಿಂಗಳ ಸಿನಿಮಾ. ನಮ್ಮಲ್ಲಿ ಒಂದು ನಿಯಮವಿತ್ತು: ಯಾರು ಬೇಕಾದರೂ ಒಂದು ಹಾಡನ್ನು ಬೇಡ ಎನ್ನಬಹುದು, ಆದರೆ ಬೇಡ ಎಂದವರು ಅದರ ಬದಲು ಎರಡು ಹಾಡು ಹೇಳಬೇಕು. ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು.

ಹಾಡನ್ನು ತೂಗಲು ಮೂರು ಪ್ರಶ್ನೆ ಸಾಕು. ಹಾಡುವವರಿಗೆ ಅದರ ಅತಿ ಎತ್ತರದ ಸ್ವರ ಸಲೀಸಾಗಿ ಸಿಗುತ್ತದೆಯೇ? ಡ್ರಮ್ ನುಡಿಸುವವರು ಅದರ ನಡೆಯನ್ನು ಐದು ನಿಮಿಷ ಬಿಡದೆ ಹಿಡಿಯಬಲ್ಲರೇ? ವಾದ್ಯಗಳಲ್ಲಿ ಎರಡನ್ನು ತೆಗೆದರೂ ಹಾಡು ಗುರುತು ಸಿಗುತ್ತದೆಯೇ? ಮೂರನೆಯದು ಮುಖ್ಯ. ಮೂವತ್ತು ಪಿಟೀಲುಗಳ ಮೇಲೆ ನಿಂತ ಸಿನಿಮಾ ಹಾಡು ಶೆಡ್ಡಿನಲ್ಲಿ ಬಡಕಲಾಗುತ್ತದೆ. ಧಾಟಿಯ ಬಲದಲ್ಲೇ ನಿಂತಿರುವ ಹಾಡು ಒಂದು ಗಿಟಾರಿನಲ್ಲೂ ಮೈದುಂಬಿಕೊಳ್ಳುತ್ತದೆ.

ಮೊದಲ ಹಾಡಿಗೆ ನನ್ನ ಸಲಹೆ ಶಿಶುನಾಳ ಷರೀಫರ ಒಂದು ತತ್ವಪದ. ಏಕತಾರಿ, ದಮ್ಮಡಿಯ ಜೊತೆ ಹಾಡುತ್ತಾ ಬಂದ ಪದಗಳವು. ಮೂರು ಕಾರ್ಡ್‌ಗಳೊಳಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛವೇ ಕಾರ್ಡ್) ಕೂರುತ್ತವೆ, ಪಲ್ಲವಿಗೆ ಎಲ್ಲರೂ ದನಿಗೂಡಿಸಬಹುದು. ಗಾಯಕ ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್ಮಿನಲ್ಲಿ ‘ಗುಡುಗುಡಿಯಾ ಸೇದಿ ನೋಡೋ’ ಪದವನ್ನು ಗಿಟಾರು, ಡ್ರಮ್ಮುಗಳ ಜೊತೆ ಹಾಡಿದ್ದನ್ನು ಕೇಳಿದರೆ ಈ ಪದಗಳಲ್ಲಿ ಎಷ್ಟು ಕಸುವಿದೆ ಎಂದು ತಿಳಿಯುತ್ತದೆ. ಇಂಗ್ಲಿಷ್ ಹಾಡು ಬೇಕೆಂದರೆ ‘ಹೌಸ್ ಆಫ್ ದಿ ರೈಸಿಂಗ್ ಸನ್’ ತೆಗೆದುಕೊಳ್ಳಿ. ಅದು ಅಮೆರಿಕದ ಹಳೆಯ ಜನಪದ ಹಾಡು, 1964ರಲ್ಲಿ ದಿ ಆನಿಮಲ್ಸ್ ನುಡಿಸಿದ ರೂಪ ಎಲ್ಲರ ಕಿವಿಯಲ್ಲಿದೆ. ಎ ಮೈನರ್, ಸಿ, ಡಿ, ಎಫ್, ಇ, ಇಷ್ಟೇ ಕಾರ್ಡ್‌ಗಳು. ಆರು ಮಾತ್ರೆಯ ನಡೆ ಇರುವುದರಿಂದ ದಾದ್ರಾ ತಾಳ ಗೊತ್ತಿರುವ ತಬಲಾದವರು ಕೂಡ ಮೊದಲ ದಿನವೇ ಜೊತೆಗೂಡಬಹುದು. ನಮ್ಮ ಶೆಡ್ಡಿನಲ್ಲಿ ಆದದ್ದೂ ಹಾಗೆಯೇ. ದೇವರನಾಮಗಳಿಗೆ ಸಾಥ್ ಕೊಡುತ್ತಿದ್ದ ಗೆಳೆಯನೊಬ್ಬ ಸುಮ್ಮನೆ ನೋಡಲು ಬಂದವನು ತಬಲಾ ತರಿಸಿಕೊಂಡು ಕುಳಿತ, ಮತ್ತೆ ತಂಡ ಬಿಡಲಿಲ್ಲ.

ಮೊದಲ ಮೂರು ತಿಂಗಳಿಗೆ ನಾಲ್ಕು ಹಾಡು ಸಾಕು. ಇಪ್ಪತ್ತು ಹಾಡನ್ನು ಅರೆಬರೆ ಕಲಿತ ತಂಡ ವೇದಿಕೆಯಲ್ಲಿ ಒಂದನ್ನೂ ಧೈರ್ಯವಾಗಿ ನುಡಿಸಲಾರದು.

ಮೂರನೆಯ ಹೆಜ್ಜೆ: ಕಿವಿಯಿಂದ ಬರೆದುಕೊಳ್ಳಿ

ಕ್ಯಾಸೆಟ್ ಪ್ಲೇಯರಿನ ಮೋಟಾರು ಒಂದು ಕೂದಲೆಳೆ ವೇಗವಾಗಿ ಓಡಿದರೂ ಇಡೀ ಹಾಡು ಮೇಲಿನ ಶ್ರುತಿಗೆ ಜರುಗುತ್ತಿತ್ತು. ಗಿಟಾರು ಹಾಡಿಗೆ ಹೊಂದದೆ ಒದ್ದಾಡಿ, ಕೊನೆಗೆ ಪ್ಲೇಯರಿಗೆ ಗಿಟಾರನ್ನು ಶ್ರುತಿ ಮಾಡಿಕೊಂಡು ಕಲಿಯುತ್ತಿದ್ದೆವು. ಈಗ ಮೊಬೈಲಿನಲ್ಲಿ ಹಾಡನ್ನು ಮುಕ್ಕಾಲು ವೇಗಕ್ಕೆ ಇಳಿಸಿದರೂ ಶ್ರುತಿ ಬದಲಾಗುವುದಿಲ್ಲ. ಈ ಅನುಕೂಲವನ್ನು ಪೂರ್ತಿ ಬಳಸಿ. ಆದರೆ ಅಂತರ್ಜಾಲದಲ್ಲಿ ಸಿಗುವ ಕಾರ್ಡ್ ಪಟ್ಟಿಯನ್ನು ಮೊದಲೇ ತೆರೆಯಬೇಡಿ. ಕನ್ನಡ ಹಾಡುಗಳಿಗೆ ಸಿಗುವ ಪಟ್ಟಿಗಳಲ್ಲಿ ತಪ್ಪುಗಳು ಹೇರಳ, ಒಮ್ಮೆ ಕಣ್ಣಿಗೆ ಬಿದ್ದ ತಪ್ಪು ಕಾರ್ಡ್ ಕಿವಿಯಲ್ಲೂ ಕೂತುಬಿಡುತ್ತದೆ.

ಮೊದಲ ಸಲ ಕೇಳುವಾಗ ವಾದ್ಯ ಮುಟ್ಟದೆ ಹಾಡಿನ ನಕಾಶೆಯನ್ನು ಮಾತ್ರ ಬರೆಯಿರಿ: ಆರಂಭದ ಸಂಗೀತ ಎಷ್ಟು ಆವರ್ತ, ಪಲ್ಲವಿ ಎಷ್ಟು, ನಡುಸಂಗೀತ ಎಷ್ಟು, ಚರಣ ಎಷ್ಟು. ಎರಡನೆಯ ಸಲ ಬೇಸ್ ಮಾತ್ರ ಕೇಳಿ. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಬೇಸ್ ಯಾವ ಸ್ವರ ಹಿಡಿಯುತ್ತದೆ ಎಂಬುದನ್ನು ಗುನುಗಿ ಹುಡುಕಿ. ಹೆಚ್ಚಿನ ಕಡೆ ಅದೇ ಆ ಕಾರ್ಡಿನ ಹೆಸರು. ಅದು ಮೇಜರೋ ಮೈನರೋ ಎಂಬುದನ್ನು ಮೂರನೆಯ ಸಲ ನೋಡಿದರಾಯಿತು.

ಕಾರ್ಡ್‌ಗಳನ್ನು ಇಂಗ್ಲಿಷ್ ಅಕ್ಷರದ ಜೊತೆಗೆ ಸರಿಗಮದಲ್ಲೂ ಬರೆಯಿರಿ. ಜಿ ಶ್ರುತಿಯ ಹಾಡಿನಲ್ಲಿ ಜಿ, ಸಿ, ಡಿ ಬಂದರೆ ಅವು ಸ, ಮ, ಪ. ಗಾಯಕಿ ಬಂದು “ಇನ್ನೊಂದು ಸ್ವರ ಮೇಲಿಂದ ಹಾಡುತ್ತೇನೆ” ಎಂದರೆ ಸ, ಮ, ಪ ಹಾಗೆಯೇ ಉಳಿಯುತ್ತವೆ, ಕೈ ಮಾತ್ರ ಎ, ಡಿ, ಇ ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಸರಳೆ ವರಸೆ ಹೇಳಿದವರಿಗೆ ಇದು ನೀರು ಕುಡಿದಷ್ಟು ಸುಲಭ.

ನಾಲ್ಕನೆಯ ಹೆಜ್ಜೆ: ಶ್ರುತಿ ಹಾಡುವವರದು

ಮೂಲ ಹಾಡಿನ ಶ್ರುತಿಯಲ್ಲೇ ನುಡಿಸಬೇಕೆಂಬ ಹಟವನ್ನು ಬಿಡಿ. ಗಿಟಾರಿನವರಿಗೆ ಆ ಶ್ರುತಿಯಲ್ಲಿ ತೆರೆದ ತಂತಿಗಳು ಸಿಗುತ್ತವೆ ಎಂಬ ಕಾರಣಕ್ಕೆ ಗಾಯಕನ ಗಂಟಲನ್ನು ಹಿಂಡುವುದು ಅನ್ಯಾಯ. ಹಾಡಿನ ಅತಿ ಮೇಲಿನ ಮತ್ತು ಅತಿ ಕೆಳಗಿನ ಸಾಲುಗಳನ್ನು ಬೇರೆ ಬೇರೆ ಶ್ರುತಿಯಲ್ಲಿ ಹಾಡಿಸಿ, ಎರಡೂ ಸ್ಪಷ್ಟವಾಗಿ ಕೇಳುವ ಶ್ರುತಿಯನ್ನು ಗೊತ್ತುಮಾಡಿ. ತಾಲೀಮಿನ ಕೊನೆಯಲ್ಲಿ, ಗಂಟಲು ದಣಿದಾಗ, ಮತ್ತೊಮ್ಮೆ ಪರೀಕ್ಷಿಸಿ. ಗಂಡುದನಿಯ ಹಾಡನ್ನು ಹೆಣ್ಣುದನಿಗೆ ತರುವಾಗ ಸಾಮಾನ್ಯವಾಗಿ ನಾಲ್ಕು ಅಥವಾ ಐದು ಸ್ವರದಷ್ಟು ಜರುಗಿಸಬೇಕಾಗುತ್ತದೆ: ಸಿಯಲ್ಲಿದ್ದದ್ದು ಎಫ್‌ಗೋ ಜಿಗೋ ಹೋಗುತ್ತದೆ. ಗಿಟಾರಿಗೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಯಾಪೊ ಇದೆ. ಗಿಟಾರಿನ ಕತ್ತಿನ ಎರಡನೆಯ ಮನೆಗೆ (ಫ್ರೆಟ್) ಹಾಕಿ ಜಿ ಹಿಡಿದರೆ ಎ ಕೇಳುತ್ತದೆ. ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಗುಂಡಿ ಇದೆ. ಗಂಟಲಿಗೆ ಅಂಥದ್ದೇನೂ ಇಲ್ಲ.

ಮೂಲ ಗಾಯಕರ ದನಿಯನ್ನು ಅನುಕರಿಸುವುದೂ ಬೇಡ. ರಾಜ್‌ಕುಮಾರ್ ಅವರ ಹಾಡನ್ನು ಮೂಗಿನಲ್ಲಿ ಹಾಡಿದರೆ ಜನ ಒಂದು ಕ್ಷಣ ನಕ್ಕು ಚಪ್ಪಾಳೆ ತಟ್ಟಬಹುದು. ಹಾಡಿನ ಅರ್ಥ ಅಷ್ಟರಲ್ಲಿ ಕೈತಪ್ಪಿರುತ್ತದೆ.

ಐದನೆಯ ಹೆಜ್ಜೆ: ಡ್ರಮ್ಮು ಮತ್ತು ಬೇಸ್ ಮಾತ್ರ ಕೂರಲಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ಪಾಲಿಸುತ್ತೀರೆಂದರೆ ಇದನ್ನೇ ಪಾಲಿಸಿ. ಎಲ್ಲರೂ ಸೇರುವ ಮುನ್ನ ಡ್ರಮ್ ಮತ್ತು ಬೇಸ್ ನುಡಿಸುವವರಿಬ್ಬರೇ ಒಂದು ಗಂಟೆ ಕುಳಿತು ಇಡೀ ಹಾಡನ್ನು ನುಡಿಸಬೇಕು. ಹಾಡುವವರಿಲ್ಲದೆ, ಗಿಟಾರಿಲ್ಲದೆ ಹಾಡು ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿರಬೇಕು.

ಲಯ ತಟ್ಟಿ ತೋರಿಸುವ ಮೆಟ್ರೊನೋಮನ್ನು ಮೂಲ ಲಯದ ಮುಕ್ಕಾಲಿಗೆ ಇಡಿ. ಹಾಡು ನಿಮಿಷಕ್ಕೆ 96 ಬಡಿತದ್ದಾದರೆ 72ರಿಂದ ಶುರುಮಾಡಿ. ಬೇಸಿನ ಸ್ವರ ಮತ್ತು ಕಿಕ್ ಡ್ರಮ್ಮಿನ ಪೆಟ್ಟು ಒಂದೇ ಸದ್ದಾಗಿ ಕೇಳಬೇಕು, ಒಂದರ ಹಿಂದೆ ಒಂದಾಗಿ ಅಲ್ಲ. ಎರಡು ಮತ್ತು ನಾಲ್ಕನೆಯ ಮಾತ್ರೆಗೆ ಬೀಳುವ ಸ್ನೇರ್ ಹೊತ್ತಿನಲ್ಲಿ ಬೇಸ್ ಸ್ವರವನ್ನು ತುಂಡರಿಸಿ ಜಾಗ ಬಿಟ್ಟರೆ ಹಾಡಿಗೆ ಉಸಿರು ಬರುತ್ತದೆ. ಬೇಸ್ ನುಡಿಸುವವರು ಹೆಚ್ಚು ಸ್ವರ ನುಡಿಸುವ ಆಸೆಯನ್ನು ಈ ಹಂತದಲ್ಲಿ ತಡೆದುಕೊಳ್ಳಬೇಕು. ಮೊದಲ ವಾರ ಪ್ರತಿ ಕಾರ್ಡಿನ ಮೂಲಸ್ವರ ಮಾತ್ರ, ಎರಡನೆಯ ವಾರ ಅದಕ್ಕೆ ಪಂಚಮ, ಉಳಿದದ್ದು ಆಮೇಲೆ.

ಕನ್ನಡ ಚಿತ್ರಗೀತೆಗಳಲ್ಲಿ ಲಯ ಹೆಚ್ಚಾಗಿ ತಬಲಾ, ಢೋಲಕ್‌ಗಳಲ್ಲಿ ಹುಟ್ಟಿದ್ದು. ಅದನ್ನು ಡ್ರಮ್ ಕಿಟ್‌ಗೆ ತರುವಾಗ ಸಿದ್ಧ ರಾಕ್ ನಡೆಯನ್ನು ಹೇರಿದರೆ ಹಾಡು ಮರಗಟ್ಟುತ್ತದೆ. ಕೆಹರ್ವಾ ತಾಳದ ‘ಧಾ ಗೆ ನಾ ತಿ ನ ಕ ಧಿ ನಾ’ ಎಂಬ ಎಂಟು ಮಾತ್ರೆಯನ್ನು ಬಾಯಲ್ಲಿ ಹೇಳುತ್ತಾ, ಎಡದ ಡಗ್ಗದ ಗುಂಯ್ಗುಡುವ ನಾದ ಎಲ್ಲಿ ಬರುತ್ತದೋ ಅಲ್ಲಿ ಕಿಕ್ ಹಾಕಿ. ಬಲದ ತಬಲಾದ ಚುರುಕಾದ ‘ನಾ’ ಬರುವಲ್ಲಿ ಹೈ-ಹ್ಯಾಟ್ ಎಂಬ ಜೋಡಿ ತಾಳ ಅಥವಾ ಸ್ನೇರಿನ ಅಂಚು ಬರಲಿ. ನಮ್ಮ ಡ್ರಮ್ ಗೆಳೆಯ ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತು ತೊಡೆಯ ಮೇಲೆ ಈ ಬೋಲುಗಳನ್ನು ತಟ್ಟಿ ತಟ್ಟಿ ಪಳಗಿಸಿಕೊಂಡ. ಆತ ಕಿಟ್‌ಗೆ ಮರಳಿದ ದಿನ ನಾವು ನುಡಿಸುತ್ತಿದ್ದ ಹಳೆಯ ಹಾಡುಗಳೆಲ್ಲ ಒಮ್ಮೆಲೇ ಕನ್ನಡ ಮಾತನಾಡತೊಡಗಿದವು. ಆ ಸಂತೋಷ ನನಗೆ ಇಂದಿಗೂ ಹಾಗೆಯೇ ಇದೆ.

ಈ ಜೋಡಿ ಗಟ್ಟಿಯಾದ ಮೇಲೆ ಉಳಿದವರನ್ನು ಒಬ್ಬೊಬ್ಬರಾಗಿ ಸೇರಿಸಿ. ಕೀಬೋರ್ಡಿನವರು ಎಡಗೈಯನ್ನು ಆದಷ್ಟು ಮೇಲಿನ ಸ್ವರಗಳತ್ತ ಸರಿಸಲಿ; ಕೆಳಗಿನ ಸ್ವರಗಳು ಬೇಸಿನ ಪಾಲು, ಇಬ್ಬರೂ ಅಲ್ಲೇ ಇದ್ದರೆ ಸದ್ದು ಕೆಸರಾಗುತ್ತದೆ. ಎರಡು ಗಿಟಾರುಗಳಿದ್ದರೆ ಒಂದು ಕೆಳಗಿನ ತೆರೆದ ಕಾರ್ಡ್ ಹಿಡಿಯಲಿ, ಇನ್ನೊಂದು ಕ್ಯಾಪೊ ಹಾಕಿ ಮೇಲಿನ ಮನೆಗಳಲ್ಲಿ ನುಡಿಸಲಿ.

ಆರನೆಯ ಹೆಜ್ಜೆ: ಕರೆಂಟ್ ಇಲ್ಲದೆ ನುಡಿಸಿ

ಆ ದಿನಗಳಲ್ಲಿ ಬೇಸಿಗೆ ಬಂತೆಂದರೆ ಲೋಡ್ ಶೆಡ್ಡಿಂಗ್. ಆಂಪ್ಲಿಫೈಯರ್ ಸತ್ತುಹೋದಾಗ ಉಳಿಯುತ್ತಿದ್ದುದು ಒಂದು ಅಕೌಸ್ಟಿಕ್ ಗಿಟಾರು, ತಬಲಾ, ಕುರ್ಚಿಯ ಬೆನ್ನಿಗೆ ತಟ್ಟುವ ಕೈ ಮತ್ತು ಬರಿಯ ಕೊರಳು. ಆಗಲೇ ಸಾಹಿತ್ಯದ ಯಾವ ಅಕ್ಷರ ನುಂಗಿಹೋಗುತ್ತಿದೆ, ಯಾರು ಲಯದಲ್ಲಿ ಮುಂದೋಡುತ್ತಿದ್ದಾರೆ ಎಂಬುದು ಎಲ್ಲರಿಗೂ ಕೇಳುತ್ತಿತ್ತು. ಈಗ ವಿದ್ಯುತ್ ಇದ್ದರೂ ಪ್ರತಿ ತಾಲೀಮಿನಲ್ಲಿ ಒಮ್ಮೆ ಪ್ಲಗ್ ತೆಗೆದು, ವೃತ್ತಾಕಾರದಲ್ಲಿ ಎದುರುಬದುರು ಕುಳಿತು, ಹಾಡುವವರ ದನಿಗಿಂತ ಯಾರೂ ಮೇಲೇರದಂತೆ ನುಡಿಸಿ. ಮೊಬೈಲನ್ನು ಕೋಣೆಯ ಆಚೆ ತುದಿಯಲ್ಲಿಟ್ಟು ಧ್ವನಿಮುದ್ರಿಸಿ. ಅದನ್ನು ಆಗಲೇ ಕೇಳಬೇಡಿ. ಮರುದಿನ ಕೇಳಿದರೆ ಕಿವಿ ನಿಷ್ಪಕ್ಷಪಾತವಾಗಿರುತ್ತದೆ.

ಏಳನೆಯ ಹೆಜ್ಜೆ: ಆರಂಭ, ಮುಕ್ತಾಯ, ಮತ್ತು ತಪ್ಪು ಬಂದಾಗ

ಜನ ನೆನಪಿಟ್ಟುಕೊಳ್ಳುವುದು ಹಾಡು ಶುರುವಾದ ಬಗೆ ಮತ್ತು ಮುಗಿದ ಬಗೆ. ರೆಕಾರ್ಡಿನಲ್ಲಿ ಮೆಲ್ಲಗೆ ಕರಗಿ ಮುಗಿಯುವ ಹಾಡನ್ನು ವೇದಿಕೆಯಲ್ಲಿ ಹಾಗೆ ಮುಗಿಸಲಾಗುವುದಿಲ್ಲ. ಪಲ್ಲವಿಯ ಕೊನೆಯ ಸಾಲನ್ನು ಮೂರು ಸಲ ಹಾಡಿ, ಮೂರನೆಯದರಲ್ಲಿ ಲಯ ತಗ್ಗಿಸಿ, ಡ್ರಮ್ಮಿನವರ ಕೈ ನೋಡಿ ಒಟ್ಟಿಗೆ ನಿಲ್ಲಿಸಿ. ತಾಲೀಮಿನ ಕೊನೆಯ ಹತ್ತು ನಿಮಿಷ ಎಲ್ಲ ಹಾಡುಗಳ ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಆವರ್ತಗಳನ್ನು ಮಾತ್ರ ನುಡಿಸುವುದು ಒಳ್ಳೆಯ ಅಭ್ಯಾಸ.

ತಪ್ಪು ಬಂದಾಗ ನಿಲ್ಲಿಸಬಾರದು. ರಿಚರ್ಡ್ ಬೆರಿ ಬರೆದು 1957ರಲ್ಲಿ ಹೊರತಂದ ‘ಲೂಯಿ ಲೂಯಿ’ ಹಾಡನ್ನು ಅಮೆರಿಕದ ಪೋರ್ಟ್‌ಲ್ಯಾಂಡಿನ ದಿ ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ 1963ರಲ್ಲಿ ಮುದ್ರಿಸಿತು. ಗಿಟಾರ್ ಸೋಲೊ ಮುಗಿದ ಮೇಲೆ ಗಾಯಕ ಮುಂದಿನ ಚರಣವನ್ನು ಅವಸರದಿಂದ ಮೊದಲೇ ಎತ್ತಿಕೊಂಡು ತಟ್ಟನೆ ನಿಲ್ಲುತ್ತಾನೆ. ಡ್ರಮ್ಮಿನವನು ಒಂದು ಉರುಳು ನುಡಿಸಿ ಆ ಖಾಲಿಯನ್ನು ತುಂಬುತ್ತಾನೆ, ಹಾಡು ಸಾಗುತ್ತದೆ. ಆ ತಪ್ಪಿನ ಸಮೇತ ರೆಕಾರ್ಡು ಹೊರಬಂದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಶೆಡ್ಡಿನ ಬ್ಯಾಂಡುಗಳಿಗೆಲ್ಲ ಅದು ಮೂಲಪಾಠವಾಯಿತು. ನಿಮ್ಮ ತಂಡದಲ್ಲೂ ಮೊದಲೇ ಒಪ್ಪಂದವಿರಲಿ: ದಾರಿ ತಪ್ಪಿದರೆ ಎಲ್ಲರೂ ಬೇಸಿನ ಕಡೆ ನೋಡುವುದು, ಬೇಸ್ ಮೂಲಸ್ವರದಲ್ಲಿ ಕಾಯುವುದು, ಹಾಡುವವರು ಪಲ್ಲವಿಗೆ ಮರಳುವುದು.

ಎಂಟನೆಯ ಹೆಜ್ಜೆ: ವೇದಿಕೆ

ಅರ್ಧ ಗಂಟೆಗೆ ಆರು ಹಾಡು ಸಾಕು. ಎಲ್ಲರಿಗೂ ಗೊತ್ತಿರುವ, ಮಧ್ಯಮ ಲಯದ ಹಾಡಿನಿಂದ ಶುರುಮಾಡಿ. ಗಂಟಲು ಹರಿಯುವಂಥದ್ದನ್ನು ಕೊನೆಗಿಡಿ. ಬೀಟಲ್ಸ್ 1963ರ ಫೆಬ್ರವರಿ 11ರಂದು ಒಂದೇ ದಿನ ಹತ್ತು ಹಾಡು ಮುದ್ರಿಸಿದಾಗ ‘ಟ್ವಿಸ್ಟ್ ಅಂಡ್ ಶೌಟ್’ ಅನ್ನು ಕಟ್ಟಕಡೆಗೆ ಉಳಿಸಿಕೊಂಡದ್ದು ಅದನ್ನು ಹಾಡುವ ಜಾನ್ ಲೆನನ್ನರ ಗಂಟಲು ಅದಾದ ಮೇಲೆ ಇನ್ನೊಂದು ಹಾಡಿಗೆ ಉಳಿಯದೆಂಬ ಕಾರಣಕ್ಕೆ.

ಗಣೇಶನ ಪೆಂಡಾಲು ಬರುವುದು ಮಳೆಯ ಕಾಲದಲ್ಲಿ. ಒದ್ದೆ ನೆಲ, ತೇಪೆ ಹಾಕಿದ ವೈರು, ಅರ್ಥ್ ಇಲ್ಲದ ಪ್ಲಗ್ಗು ಸೇರಿದರೆ ಪ್ರಾಣಾಪಾಯ. ಕೈಯಲ್ಲಿ ಗಿಟಾರಿನ ತಂತಿ, ತುಟಿಗೆ ಮೈಕು ತಾಗಿದಾಗ ಶಾಕ್ ಹೊಡೆದ ಘಟನೆಗಳು ಪ್ರಪಂಚದಾದ್ಯಂತ ಆಗಿವೆ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಎಂದಿಗೂ ಮುರಿಯಬೇಡಿ. ಎಲ್ಲ ವಾದ್ಯಗಳಿಗೂ ಮಿಕ್ಸರಿಗೂ ಒಂದೇ ಜಾಗದಿಂದ ವಿದ್ಯುತ್ ತೆಗೆದುಕೊಳ್ಳಿ, ಸೋರಿಕೆಗೆ ಟ್ರಿಪ್ ಆಗುವ ಇಎಲ್‌ಸಿಬಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ, ಮಳೆ ಬರುತ್ತಿದ್ದರೆ, ನುಡಿಸುವುದಿಲ್ಲ ಎನ್ನಿ. ಆಯೋಜಕರು ಬೇಸರಪಟ್ಟುಕೊಳ್ಳಲಿ.

ಮೈಕು ಕುಂಯ್ ಎಂದು ಕೂಗುವುದು ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕಾಗ. ಜನರ ಕಡೆಗಿನ ಸ್ಪೀಕರುಗಳು ಮೈಕಿಗಿಂತ ಮುಂದಿರಲಿ; ನಿಮಗೆ ಕೇಳಿಸುವ ಮಾನಿಟರು ಮೈಕಿನ ಬೆನ್ನ ಕಡೆಯಿಂದ ನಿಮ್ಮತ್ತ ನೋಡುತ್ತಿರಲಿ. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಡಿ. ಚೀಲದಲ್ಲಿ ಒಂದು ಸೆಟ್ ತಂತಿ, ಎರಡು ಹೆಚ್ಚುವರಿ ಕೇಬಲ್, ಒಂಬತ್ತು ವೋಲ್ಟಿನ ಬ್ಯಾಟರಿ, ಪಿಕ್‌ಗಳು, ಇನ್ಸುಲೇಷನ್ ಟೇಪು ಇರಲಿ. ಹೊಸ ತಂತಿಯನ್ನು ಅದೇ ದಿನ ಹಾಕಬೇಡಿ, ಹಾಡಿನ ನಡುವೆ ಅದರ ಶ್ರುತಿ ಇಳಿಯುತ್ತದೆ.

ಒಂಬತ್ತನೆಯ ಹೆಜ್ಜೆ: ಹಕ್ಕು ಮತ್ತು ಹೆಸರು

ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರ ಎದುರು ಹಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ, ಪಬ್ಬಿನಲ್ಲಿ ನುಡಿಸಿದರೆ ಪರವಾನಗಿ ಬೇಕು. ಅದನ್ನು ಆಯೋಜಕರು ಪಡೆದಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಕವರ್ ಹಾಡಿನ ಧ್ವನಿಮುದ್ರಿಕೆ ಹೊರತರುವುದು ಬೇರೆಯೇ ವಿಷಯ. ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಮಿನ ಪ್ರಕಾರ ಮೊದಲ ಮುದ್ರಿಕೆಯ ವರ್ಷ ಕಳೆದು ಐದು ವರ್ಷ ಆಗಿರಬೇಕು, ಮುಂಚಿತವಾಗಿ ನೋಟಿಸು ಕೊಟ್ಟು ರಾಯಧನ ಕಟ್ಟಬೇಕು. ಷರೀಫರು 1889ರಲ್ಲಿ ತೀರಿಕೊಂಡವರು, ಅವರ ಸಾಹಿತ್ಯ ಎಲ್ಲರದು. ಆದರೆ ನಮ್ಮ ಕಾಲದ ಸಂಯೋಜಕರು ಅದಕ್ಕೆ ಹಾಕಿದ ಹೊಸ ಧಾಟಿಗೆ ಪ್ರತ್ಯೇಕ ಹಕ್ಕು ಇರುತ್ತದೆ.

ಕಾನೂನು ಕೇಳದಿದ್ದರೂ ಮಾಡಬೇಕಾದ ಕೆಲಸವೊಂದಿದೆ. ಪ್ರತಿ ಹಾಡಿಗೂ ಮುನ್ನ ಬರೆದವರ, ರಾಗ ಹಾಕಿದವರ ಹೆಸರನ್ನು ಹೇಳಿ. ‘ಮುಂಗಾರು ಮಳೆ’ಯ ‘ಅನಿಸುತಿದೆ’ ಎಂದ ಕೂಡಲೇ ಸೋನು ನಿಗಮ್ ಎಲ್ಲರಿಗೂ ನೆನಪಾಗುತ್ತಾರೆ. ಜಯಂತ ಕಾಯ್ಕಿಣಿ ಮತ್ತು ಮನೋಮೂರ್ತಿಯವರ ಹೆಸರನ್ನು ಸೇರಿಸಲು ಹತ್ತು ಸೆಕೆಂಡು ಸಾಕು. ನವೆಂಬರ್ ತಿಂಗಳಲ್ಲಿ ಪ್ರತಿ ಬೀದಿಯಲ್ಲೂ ಮೊಳಗುವ ‘ಹುಟ್ಟಿದರೆ ಕನ್ನಡ ನಾಡಲ್ಲಿ’ ಹಾಡಿನ ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರದು ಎಂದು ಹೇಳಿದಾಗ ಮುಂದಿನ ಸಾಲಿನ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಈ ಹೆಸರುಗಳನ್ನು ಕಾರ್ಡ್ ಹಾಳೆಯ ನೆತ್ತಿಯ ಮೇಲೆ, ಶ್ರುತಿ ಮತ್ತು ಲಯದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಡಿ. ಹಾಡುವವರು ಮರೆತರೆ ಡ್ರಮ್ಮಿನವರು ಎಣಿಕೆ ಶುರುಮಾಡದೆ ಕಾಯಲಿ.